ಆಯಿಯ ಟೊಂಕದ ಮೇಲೆ ನನ್ನ ಕಾಲು

ಸಾವಿರದ ಒಂಬೈನೂರ ನಲವತ್ನಾಲ್ಕರ ಬೇಸಿಗೆ ರಜೆ. ಕಾನ್ವೆಂಟಿನ ಬೋರ್ಡಿಂಗ್‌ನಿಂದ ತಿಕೋಟಾದ ಮನೆಗೆ ಬಂದಿದ್ದೆ. ನನಗಾಗ ಹದಿನಾಲ್ಕು.

ಒಂದು ಬೆಳಿಗ್ಗೆ ನಮ್ಮ ಅಜ್ಜಿ, ಅಂದರೆ ಆಯಿ, ಬಚ್ಚಲಲ್ಲಿ ಜಾರಿ ಸೊಂಟದ ಮೇಲೆ ಬಿದ್ದಳು. ಎತ್ತಿ ತಂದು ಪಡಸಾಲೆಯಲ್ಲಿ ಮಲಗಿಸಿದರು.

"ಟೊಂಕ ಉಳಕ್ಯಾದ," ಎಂದಳು ಚಿಕ್ಕಪ್ಪನ ಹೆಂಡತಿ, ಕಾಕು. "ಕಾಲ ಮುಂದಾಗಿ ಹುಟ್ಟಿದಾಕಿ ಮನ್ಯಾಗs ಇದ್ದಾಳಲ್ಲ, ಮೂರು ಸಲ ತುಳದ್ರ ಎದ್ದು ಕುಂದರ್ತಾರ."

ಹಾಗೆ ಕಾಲು ಮುಂದಾಗಿ ಹುಟ್ಟಿದವಳು ನಾನೇ. ಅಂಥವರು ತುಳಿದರೆ ಉಳುಕು ಹೋಗುತ್ತದೆಂದು ನಂಬಿ ಬಬಲೇಶ್ವರದಿಂದಲೂ ಜನ ನನ್ನ ಕಾಲು ಸೋಕಿಸಿಕೊಳ್ಳಲು ಬರುತ್ತಿದ್ದರು. ನನಗೂ ಅದೊಂದು ಪ್ರೈಡ್.

"ಬೂಟ್ ಬಿಚ್ಚ ಬೇ ಮೇಮಸಾಬ! ನಿನ್ನ ಇಂಗ್ಲಿಷ್ ಕಾಲು ಇವತ್ತರೆ ಕೆಲಸಕ್ಕ ಬರ್ಲಿ," ಎಂದು ಕಾಕು ಚುಡಾಯಿಸಿದಳು.

ಆಯಿಯನ್ನು ಮಗ್ಗುಲಾಗಿಸಿದರು. ನಾನು ಮೆಲ್ಲಗೆ ಕಾಲಿಟ್ಟೆ.

"ಯಪ್ಪಾ, ಸತ್ತೆ!"

ಆಯಿ ಹಾಗೆ ಕಿರುಚಿದ್ದನ್ನು ನಾನೆಂದೂ ಕೇಳಿರಲಿಲ್ಲ. ಗಾಬರಿಯಿಂದ ಮತ್ತೆ ಅಂಗಾತ ಮಲಗಿಸಿದಾಗ ಎರಡೂ ಪಾದಗಳು ಕಂಡವು. ಎಡಪಾದ ನೆಟ್ಟಗೆ ನಿಂತಿತ್ತು. ಬಲಪಾದ ಹೊರಕ್ಕೆ ಹೊರಳಿ ಬಿದ್ದಿತ್ತು. ಬಲಗಾಲು ಎಡಗಾಲಿಗಿಂತ ಎರಡು ಬೆರಳಿನಷ್ಟು ಗಿಡ್ಡ! ಫಸ್ಟ್ ಏಡ್ ಕ್ಲಾಸಿನಲ್ಲಿ ಸಿಸ್ಟರ್ ಬೋರ್ಡಿನ ಮೇಲೆ ಬರೆದ ಚಿತ್ರ ಇದೇ ಆಗಿತ್ತು.

"ಇನ್ನೆರಡು ಸಲ ಉಳದಾವ," ಎಂದಳು ಕಾಕು.

"ಯಾರೂ ಮುಟ್ಟಬ್ಯಾಡ್ರಿ, ಎಲುಬು ಮುರದದ!" ಎಂದು ಕೂಗಿದೆ.

"ಸಾಲಿ ಕಲತು ಡಾಕ್ಟರ್ ಆದಿ ಏನ?" ಎಂದರು ಚಿಕ್ಕಪ್ಪ, ಕಾಕಾ.

"ಕಾಕಾ, ಹಿಮ್ಮಡ ನೋಡ್ರಿ. ಜೋಡಿ ಕೂಡ್ತಾವೇನು?"

ಅವರು ಬಗ್ಗಿ ನೋಡಿದರು. ಆಮೇಲೆ, "ಗಾಡಿ ಹೂಡ್ರಿ" ಎಂದರು.

ನಡುವೆ ದಿಂಬಿಟ್ಟು, ಎರಡೂ ಕಾಲುಗಳನ್ನು ಹಳೆಯ ಸೀರೆಯಿಂದ ಜೋಡಿಸಿ ಕಟ್ಟಿದೆವು. ಹಲಗೆಯ ಮೇಲೆ ಮಲಗಿಸಿ ವಿಜಾಪುರದ ದಾರಿ ಹಿಡಿದೆವು. ಚಕ್ರ ಕುಲುಕಿದಾಗಲೆಲ್ಲ ಆಯಿ ನರಳುತ್ತಿದ್ದಳು. ನನ್ನ ಕಾಲಿನಿಂದಲೇ ಸಾಯುತ್ತಾಳೆಂದು ಹೆದರಿ ನಾನು ಅವಳ ಕೈ ಹಿಡಿದು ಕೂತಿದ್ದೆ.

ಡಾಕ್ಟರು ಟೇಪು ಹಿಡಿದು ಎರಡೂ ಕಾಲು ಅಳೆದರು. "ಹಿಪ್ ಫ್ರಾಕ್ಚರ್. ತುಳಿಯೋಕ್ಕಿಂತ ಮೊದಲs ಕಾಲು ಹಿಂಗಿತ್ತೇನು?"

ಎಲ್ಲರೂ ನನ್ನತ್ತ ನೋಡಿದರು. ಕಲಿತದ್ದೆಲ್ಲ ತಲೆಯಲ್ಲಿತ್ತು, ಆದರೆ ಕಾಲಿಡುವ ಮೊದಲು ನಾನು ನೋಡಿರಲೇ ಇಲ್ಲ.

ಕಾಲಿಗೆ ಭಾರ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಮಲಗಿದ ಆಯಿ, ಕಡೆಗೆ ಕೋಲು ಹಿಡಿದು ಕುಂಟುತ್ತಾ ನಡೆದಳು. ನಾನು ಮತ್ತೆ ಯಾರ ಮೇಲೂ ಕಾಲಿಡಲಿಲ್ಲ. ಯಾರಾದರೂ ಬಿದ್ದರೆ ಈಗಲೂ ಮೊದಲು ಅವರ ಪಾದ ನೋಡುತ್ತೇನೆ.

ನಾನು ತುಳಿದದ್ದರಿಂದಲೇ ಎಲುಬು ಮುರಿಯಿತೇ ಎಂದು ಒಮ್ಮೆ ಧೈರ್ಯ ಮಾಡಿ ಆಯಿಯನ್ನೇ ಕೇಳಿದ್ದೆ. ಆಯಿ ನಕ್ಕಳು. "ಬಚ್ಚಲದಾಗs ಕಟ್ ಅಂದಿತ್ತು, ತಂಗಿ. ನಿಂದೇನ್ ಕಾಲು, ಬೆಕ್ಕಿನ ಹೆಜ್ಜಿ!"

ಅದು ನಿಜವೋ, ನನ್ನ ಮನಸ್ಸು ಹಗುರಾಗಲೆಂದು ಆಡಿದ ಮಾತೋ? ಮತ್ತೊಮ್ಮೆ ಕೇಳುವ ಧೈರ್ಯ ನನಗೆ ಬರಲಿಲ್ಲ.