ಮೂರು ಸಂತಿ, ಒಂದು ಗುಳಿಗಿ

ನಾನು ಭಾಳ ಜಾಣ ಅನ್ನೂದು ನನಗ ಮೊದಲಿಂದಲೂ ಗೊತ್ತಿತ್ತು. ಡಾಕ್ಟರಿಗೆ ಗೊತ್ತಾಗಿದ್ದು ತಡವಾಗಿ, ನಾನು ದವಾಖಾನ್ಯಾಗ ಅಡ್ಡ ಬಿದ್ದ ಮ್ಯಾಲೆ.

ನಂದು ಮಸ್ಕಿ. ಕುಪ್ಪಸದ ಬಟ್ಟಿ ಯಾಪಾರ. ಅಂಗಡಿ ಗಿಂಗಡಿ ಇಲ್ಲ. ಒಂದು ದೊಡ್ಡ ಗಂಟು, ಒಂದು ಕತ್ತರಿ, ಅಳಿಯಾಕ ಒಂದು ಕಬ್ಬಿಣದ ಗಜ. ವಾರದಾಗ ಮೂರು ಸಂತಿ: ಮಸ್ಕಿ, ಲಿಂಗಸುಗೂರು, ಸಿಂಧನೂರು. ಬಟ್ಟಿ ಅಂಚಿಗೆ ಕತ್ತರಿಲೆ ಒಂದು ಕಚ್ಚು ಹಾಕಿ, ಎರಡೂ ಕೈಲೆ ಟರ್ರಂತ ಹರಿದ್ರ ನೆಟ್ಟಗ ಬರಬೇಕು. ಆ ಸಪ್ಪಳಕ್ಕ ಗೊರೇಬಾಳದ ಹೆಣ್ಮಕ್ಕಳು ಆಚೆ ಸಾಲಿನಿಂದ ತಿರುಗಿ ನೋಡ್ತಾರ. ಅದಕಿಂತ ದೊಡ್ಡ ಹೆಮ್ಮಿ ನಂಗ ಗಂಟು ಕಟ್ಟೂದರಾಗ. ನಾ ಬಿಗಿದ ಗಂಟು ಬಸ್ಸಿನ ಮ್ಯಾಲಿಂದ ಬಿದ್ರೂ ಬಿಚ್ಚಂಗಿಲ್ಲ.

ಅಂಥಾ ಕೈ ಹ್ವಾದ ವರ್ಷ ಮುಷ್ಕರ ಹೂಡಿದವು. ಮುಂಜಾನೆ ಎದ್ರ ಬೆರಳು ಮಡಚಂಗಿಲ್ಲ, ಅಂಗಿ ಗುಂಡಿ ಹಾಕಾಕ ಬರಂಗಿಲ್ಲ. ಗಂಟು ಕಟ್ಟೂದು ಹೆಂಡತಿ ನೀಲಮ್ಮನ ಪಾಲಿಗೆ ಬಂತು. ಆಕಿ ಹಗ್ಗ ಬಿಗಿಯುವಾಗ ನಾನು ಗೋಡಿ ಮ್ಯಾಲಿನ ಕ್ಯಾಲೆಂಡರ್ ನೋಡ್ಕೋತ ನಿಂದರ್ತಿದ್ದೆ. ನಾಚಿಕಿ ಆಗ್ತಿತ್ರೀ, ಖರೇನ ಹೇಳ್ತೀನಿ. ಎಣ್ಣಿ ತಿಕ್ಕಿದ್ದಾತು, ಎಕ್ಕಿ ಎಲಿ ಕಟ್ಟಿದ್ದಾತು, ಗುರುಗುಂಟಾದಾಗ ಯಾರೋ ಕೊಟ್ಟ ಬೇರು ಅರದು ಹಚ್ಚಿದ್ದಾತು. ಕಡೀಕ ಸಿಂಧನೂರಿನ ಡಾಕ್ಟರಮ್ಮನ ಕಡೆ ಹ್ವಾದೆ.

ಮೈಸೂರು ಕಡೆಯವರು, ಮಾತು ಮೆತ್ತಗ. "ಸಂಧಿವಾತ ಇದು ಯಜಮಾನ್ರೇ. ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ತಾ ಇದೆ" ಅಂದ್ರು. ರೋಗ ತಡಿಯಾಕಂತ ಮೈಯಾಗ ಇರೂ ಶಕ್ತಿ ದಿಕ್ಕು ತಪ್ಪಿ ನನ್ನ ಕೀಲಿಗೇ ಬಾಯಿ ಹಾಕೈತಂತ. ಮೆಥೋಟ್ರೆಕ್ಸೇಟ್ ಅಂತ ಗುಳಿಗಿ ಬರಕೊಟ್ರು. ಮಸ್ಕಿಯಾಗ ಬಸ್ಸು ಹತ್ತಿ ಅದರ ಹೆಸರು ಹೇಳೂದ್ರಾಗ ಲಿಂಗಸುಗೂರು ಬಂದುಬಿಡ್ತೈತಿ.

"ಇದು ನಾಯೀನ ಸುಮ್ಮನಿರಿಸುತ್ತೆ. ಆದ್ರೆ ನಾಯಿ ಪೂರ್ತಿ ಮಲಗಿದ್ರೆ ಕಳ್ಳ ಬರ್ತಾನೆ. ಅದಕ್ಕೆ ವಾರಕ್ಕೆ ಒಂದೇ ದಿನ. ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಜ್ವರ ಬಂದ್ರೆ, ಬಾಯಿ ಹುಣ್ಣಾದ್ರೆ ತಕ್ಷಣ ಬನ್ನಿ. ಯಾವ ದಿನ ನೆನಪಿರುತ್ತೆ ನಿಮಗೆ?"

"ಸಂತಿ ದಿನರೀ!" ಅಂದೆ, ಎದಿ ಉಬ್ಬಿಸಿ.

ನಮ್ಮ ಕಡೆ ಕೂಸು ಹುಟ್ಟಿದ್ದು ಸಂತಿ ಹಿಂದಿನ ದಿನ, ಎಮ್ಮಿ ಕಳಕೊಂಡಿದ್ದು ಸಂತಿ ಮರುದಿನ. ವಾರದ ಹೆಸರು ಯಾರಿಗೆ ಬೇಕು? ಡಾಕ್ಟರಮ್ಮಗೂ ಅದು ಸೇರಿತು. ಒಂದೂರಿಗೆ ವಾರಕ್ಕೊಂದು ಸಂತಿ, ಅವರ ಲೆಕ್ಕ ಸರೀನ ಇತ್ತು. ನಿಮಗ ಎಷ್ಟು ಸಂತಿ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲು ಏನೂ ತೊಂದರಿ ಆಗಲಿಲ್ಲ. ಬ್ಯಾನಿ ಇತ್ತಲ್ಲ, ಮಸ್ಕಿ ಸಂತಿ ಒಂದ ಮಾಡ್ತಿದ್ದೆ. ವಾರಕ್ಕೊಂದು ಸಂತಿ, ವಾರಕ್ಕೊಂದು ಗುಳಿಗಿ. ಎರಡು ತಿಂಗಳಿಗೆ ಬೆರಳು ಮಡಚಾಕ ಹತ್ತಿದವು. ಒಂದಿನ ನೀಲಮ್ಮನ ಕೈಯಾಗಿನ ಹಗ್ಗ ಕಸಗೊಂಡು ನಾನ ಗಂಟು ಬಿಗಿದೆ. ಆಕಿ ಮಾರಿ ನೋಡಬೇಕಿತ್ತು ನೀವು! ಆ ಖುಷಿಯೊಳಗ ಲಿಂಗಸುಗೂರಿಗೂ ಹೊಂಟೆ, ಮತ್ತ ಸಿಂಧನೂರಿಗೂ ಹೊಂಟೆ. ನಿಯಮ ಅಂದ್ರ ನಿಯಮ: ಜಳಕ, ವಿಭೂತಿ, ಗುಳಿಗಿ, ಬಸ್ಸು. ಗುಣ ಮಾಡಿದ ಗುಳಿಗಿ ನನ್ನ ಮೂರು ಸಂತಿಗೆ ಕಳಿಸ್ತು, ಮೂರು ಸಂತಿ ನನಗ ಮೂರು ಗುಳಿಗಿ ನುಂಗಿಸಿದವು.

ಮೂರನೇ ವಾರಕ್ಕ ಬಾಯಿ ತುಂಬ ಹುಣ್ಣು. ಸಂತ್ಯಾಗಿನ ಮಿರ್ಚಿ ಭಜಿಗೆ ಬೈದೆ. ಜ್ವರ ಬಂತು, ಬಿಸಿಲಿಗೆ ಬೈದೆ. ಡಾಕ್ಟರಮ್ಮ ಹೇಳಿದ್ದು ಒಂದೂ ನೆನಪಾಗಲಿಲ್ಲ, ನೋಡ್ರಿ ಜಾಣತನ! ಅಷ್ಟರಾಗ ನೀಲಮ್ಮ ಗುಳಿಗಿ ತರಾಕ ಮೆಡಿಕಲ್ ಸ್ಟೋರಿಗೆ ಹೋಗ್ಯಾಳ. ಅಂಗಡಿ ಬಸಣ್ಣ ಚೀಟಿ ತಿರುವಿ, "ಯಾಕಬೇ ಅಕ್ಕಾ, ಹ್ವಾದ ಸಲ ಒಯ್ದ ಗುಳಿಗಿ ಇನ್ನೂ ಭಾಳ ದಿನ ಬರಬೇಕಿತ್ತಲ್ಲ?" ಅಂದಾನ. ಆಕಿ ಖಾಲಿ ಕೈಲೆ ಮನಿಗೆ ಬಂದ್ಳು.

"ವಾರಕ್ಕ ಎಷ್ಟು ತಗೋತೀರಿ?"

"ಎಷ್ಟೇನ, ಸಂತಿಗೊಂದು."

ಆಕಿ ಬೈಯಲಿಲ್ಲ. ಹಂಗ ಗೋಡಿ ಹಿಡಕೊಂಡು ಕೂತುಬಿಟ್ಳು. ಮೂವತ್ತು ವರ್ಷದಾಗ ಬೈಯೂ ಹೊತ್ತಿನ್ಯಾಗ ಆಕಿ ಬೈಲಾರದ್ದು ಅದ ಮೊದಲು. ಅವಾಗ ನನಗ ಖರೇ ಅಂಜಿಕಿ ಆತು.

ಅವತ್ತ ಸಿಂಧನೂರಿಗೆ ಓಡಿದಿವಿ. ರಕ್ತದಾಗ ಬಿಳಿ ಕಣ ಇಳಿದುಹೋಗಿದ್ದವು. ನಾಯಿ ಬಾಗಿಲದಾಗ ಸತ್ತಂಗ ಮಲಗಿತ್ತು. ಆರು ದಿನ ಸಲೈನು, ಇಂಜೆಕ್ಷನ್ನು. ಸಾಯ್ತೀನೇನೋ ಅಂತ ಸೂರು ನೋಡ್ಕೋತ ಮಲಗಿದ್ದೆ. ಡಾಕ್ಟರಮ್ಮ ಬಂದು, "ಎಷ್ಟು ಸಂತೆ ಅಂತ ನಾನೂ ಕೇಳ್ಬೇಕಿತ್ತು" ಅಂದ್ರು. ದೊಡ್ಡ ಮನಸ್ಸು. ಈಗ ಬಂದವರಿಗೆಲ್ಲ ಅದನ್ನ ಮೊದಲು ಕೇಳ್ತಾರಂತ. ಈ ಭಾಗಕ್ಕ ನನ್ನ ಸೇವಾ ಅಂದ್ರ ಇಷ್ಟ.

ರಕ್ತ ಸರಿ ಆದಮ್ಯಾಲೆ ಅವರ ಮತ್ತ ಗುಳಿಗಿ ಶುರು ಮಾಡ್ಯಾರ. ಈ ಸಲ ಗುರುವಾರ, ನಂದು ಯಾವ ಸಂತೀನೂ ಇಲ್ಲದ ದಿನ. ಗುಳಿಗಿ ಜಗಲಿ ಮ್ಯಾಲೆ ದೇವರ ಹಿಂದ ಇರ್ತಾವ. ನೀಲಮ್ಮ ಒಂದು ಕೊಟ್ಟು, ನುಂಗಿದ್ದು ನೋಡಿ, ಕ್ಯಾಲೆಂಡರಿನ್ಯಾಗ ಗೀಟು ಹಾಕ್ತಾಳ.

ಮೊನ್ನೆ ಸಿಂಧನೂರು ಸಂತಿಗೆ ಗಂಟು ಕಟ್ಟುವಾಗ ಹೆಬ್ಬೆರಳು ಚುಳುಕ್ ಅಂತು. ಜಗಲಿ ಕಡೆ ನೋಡಿ, "ಜರಾ ನೋಯ್ತೈತಿ, ಇನ್ನೊಂದು ಕೊಡಬಾರದೇನ?" ಅಂತ ರಾಗ ಎಳದೆ.

"ಬೊಗಳಲಿ ಬಿಡ್ರಿ ಜರಾ" ಅಂದ್ಳು ನೀಲಮ್ಮ. "ನಾಯಿ ಎಚ್ಚರ ಐತಿ ಅಂತ ನನಗರ ಗೊತ್ತಾಗಲಿ."

ಹಗ್ಗದ ಒಂದು ತುದಿ ಆಕಿ ಹಿಡಿದ್ಳು, ಇನ್ನೊಂದು ನಾ ಜಗ್ಗಿದೆ. ಈ ಸಲ ಕ್ಯಾಲೆಂಡರ್ ಕಡೆ ನೋಡಲಿಲ್ಲ.