ಮೈಕಣ್ಣನ ಎರಡನೇ ಗಂಟಲು

ಮೈಕಣ್ಣನ ನಿಜವಾದ ಹೆಸರು ನಗರಸಭೆಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಮಿಕ್ಕವರಿಗೆಲ್ಲ ಅವನು ಆಟೋ ಮೇಲೆ ಹಾರ್ನ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುವ ಒಂದು ಗಂಟಲು. ನೀರು ಯಾವಾಗ ಬಿಡುತ್ತಾರೆ, ಲಸಿಕೆ ಎಲ್ಲಿ ಹಾಕುತ್ತಾರೆ, ಯಾರ ಮನೆಯ ಮಗು ಕಳೆದುಹೋಗಿದೆ ಎಂಬುದು ಇಪ್ಪತ್ತೆಂಟು ವರ್ಷದಿಂದ ಅವನು ಹೇಳಿದ ಮೇಲೇ ಊರಿಗೆ ಗೊತ್ತಾಗುತ್ತಿತ್ತು. ಶುರು ಮಾಡುವ ಮುಂಚೆ ಮೈಕಿಗೆ ಎರಡು ಸಲ ಊದುತ್ತಿದ್ದ. ಆ ‘ಉಫ್ ಉಫ್’ ಕಿವಿಗೆ ಬಿದ್ದರೆ ಸಾಕು, ಹೆಂಗಸರು ಬಕೆಟ್ ಹಿಡಿದು ನಲ್ಲಿಯ ಕಡೆ ನಡೆಯುತ್ತಿದ್ದರು. ಮನೆಯಲ್ಲಿ ಮಾತ್ರ ಅವನ ಮಾತು ನಡೆಯುತ್ತಿರಲಿಲ್ಲ. ವಾಲ್ಯೂಮ್ ಎಲ್ಲಿ ತಿರುಗಿಸಬೇಕೆಂದು ಹೆಂಡತಿಗೆ ಗೊತ್ತಿತ್ತು.

ಅವನಿಗೊಂದು ನೇಮವಿತ್ತು. ಸಹಿ, ಮೊಹರು ಇರುವ ಚೀಟಿ ಸಿಗದೆ ಬಾಯಿ ತೆರೆಯುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಬಾಯಲ್ಲಿ ಹೇಳಿದ್ದನ್ನು ನಂಬಿ ನೀರು ಬರುತ್ತದೆಂದು ಸಾರಿ, ಖಾಲಿ ಬಕೆಟ್‌ಗಳ ನಡುವೆ ಆಟೋ ಸಮೇತ ಸಿಕ್ಕಿಬಿದ್ದಿದ್ದ. ಅಂದಿನಿಂದ ಓದಿದ ಚೀಟಿಯನ್ನೆಲ್ಲ ಹ್ಯಾಂಡಲ್ ಪಕ್ಕದ ತಂತಿಗೆ ಚುಚ್ಚಿಡುತ್ತಿದ್ದ. “ನಾನು ಬಾಯಿಗೆ ಬಂದದ್ದು ಹೇಳೋನಲ್ಲ, ಕೈಗೆ ಬಂದದ್ದು ಹೇಳೋನು” ಎಂದು ಜಂಬ ಬೇರೆ.

ವಾರ್ಡಿನ ಮತದಾನ ಸೋಮವಾರ. ಭಾನುವಾರ ಬೆಳಿಗ್ಗೆ ಕಾಲುವೆ ಓಣಿಯಲ್ಲಿ ಹೊಲಿಗೆ ಮೆಷೀನ್ ಇಟ್ಟುಕೊಂಡಿರುವ ಅಕ್ಕನ ಮನೆಗೆ ಹೋದ.

“ನಾಳೆ ಬೇಗ ಹೋಗಿ ವೋಟು ಹಾಕಿಬಿಡಕ್ಕ. ಆಮೇಲೆ ಬಿಸಿಲಾಗುತ್ತೆ.”

“ನಾಳೆ ಎಲ್ಲಿದೆ? ಗುರುವಾರ ಅಂತ ನೀನೇ ಹೇಳಿದ್ಯಲ್ಲ.”

“ನಾನಾ?”

“ಇಲ್ಲ, ನಿನ್ನ ತಾತ. ಕೇಳಿಲ್ಲಿ.”

ಅಕ್ಕ ಫೋನ್ ಒತ್ತಿದಳು. ಉಫ್ ಉಫ್. ಆಮೇಲೆ ಅವನದೇ ಗಂಟಲು: “ಕಾಲುವೆ ಓಣಿಯ ನಾಗರಿಕರ ಗಮನಕ್ಕೆ. ಶಾಲೆಯ ನಾಲ್ಕನೇ ಕೋಣೆಯ ಮತಯಂತ್ರ ಕೆಟ್ಟಿರುವುದರಿಂದ ನಿಮ್ಮ ಮತದಾನವನ್ನು ಗುರುವಾರಕ್ಕೆ ಮುಂದೂಡಲಾಗಿದೆ.” ‘ಗುರುವಾರ’ದ ‘ವಾ’ವನ್ನು ಅವನು ಎಳೆಯುವ ಹಾಗೇ ಎಳೆದಿತ್ತು.

ಮೈಕಣ್ಣ ಫೋನ್ ಕಿತ್ತುಕೊಂಡು ಇನ್ನೊಮ್ಮೆ ಕೇಳಿದ. ತನ್ನ ಬಾಯಿ ತನ್ನನ್ನು ಬಿಟ್ಟು ಓಣಿ ಸುತ್ತಿ ಬಂದಿತ್ತು.

“ಇದು ನಾನಲ್ಲಕ್ಕ. ಯಾರೋ ಕಂಪ್ಯೂಟರಲ್ಲಿ ಮಾಡಿರೋದು. ಎಐ ಅಂತ ಬಂದಿದೆಯಲ್ಲ, ಅದು.”

“ಚಿಕ್ಕವನಿದ್ದಾಗ ಕಿಟಕಿ ಗಾಜು ಒಡೆದಾಗಲೂ ನಾನಲ್ಲ ಅಂತಲೇ ಅಂದಿದ್ದೆ.”

ಆ ಓಣಿಯಲ್ಲಿ ನಾನೂರು ವೋಟು. ಹೋದ ಸಲ ವಾರ್ಡು ತೀರ್ಮಾನವಾಗಿದ್ದು ಹತ್ತೊಂಬತ್ತು ವೋಟಿನ ಅಂತರದಲ್ಲಿ. ಯಾರು ಗೆದ್ದರೂ ಮೈಕಣ್ಣನಿಗೆ ಒಂದೇ. ಆದರೆ ನಾನೂರು ಜನ ತನ್ನ ದನಿ ನಂಬಿ ಮನೆಯಲ್ಲಿ ಕೂತರೆ, ಗುರುವಾರ ಶಾಲೆಯ ಬೀಗದ ಮುಂದೆ ನಿಂತು ಅವರು ಯಾರನ್ನು ನೆನೆಸಿಕೊಳ್ಳುತ್ತಾರೆ?

ಆಟೋವನ್ನು ನೇರ ಆಫೀಸಿಗೆ ಓಡಿಸಿದ. ಚುನಾವಣೆಯ ಸಾಹೇಬರು ಫೋನಿನಿಂದ ತಲೆ ಎತ್ತಲಿಲ್ಲ.

“ಫೇಕ್ ಅಂತ ಆಗಲೇ ಪೋಸ್ಟ್ ಹಾಕಿದೀವಪ್ಪ. ನಲವತ್ತು ಲೈಕ್ ಬಂದಿದೆ.”

“ಅದರಲ್ಲಿ ಮೂವತ್ತು ನಮ್ಮ ಆಫೀಸಿನವರದೇ ಸಾರ್.”

“ಪೊಲೀಸರಿಗೂ ಹೇಳಿದೀವಿ. ಹುಡುಕೋಕೆ ಒಂದು ವಾರ ಹಿಡಿಯುತ್ತಂತೆ.”

“ವೋಟು ನಾಳೆ ಸಾರ್. ಚೀಟಿ ಕೊಡಿ.”

ಚೀಟಿ ಸಿಕ್ಕಿತು. ಮತದಾನ ನಾಳೆಯೇ ಎಂದು ಓಣಿಯಲ್ಲಿ ಮೂರು ಸುತ್ತು ಸಾರಿದ. ಒಂದು ಗಂಟೆ ಕಳೆಯುವುದರೊಳಗೆ ಎಲ್ಲರ ಫೋನಿಗೂ ಇನ್ನೊಂದು ‘ಉಫ್ ಉಫ್’ ಬಂತು: “ನನ್ನ ದನಿಯನ್ನು ಅನುಕರಿಸಿ ಮತದಾನ ನಾಳೆಯೇ ಎಂದು ಕೆಲವರು ಸುಳ್ಳು ಸಾರುತ್ತಿದ್ದಾರೆ. ನಂಬಬೇಡಿ.”

ಓಣಿಯ ಮೂಲೆಯ ಇಸ್ತ್ರಿಯವನು ಫೋನ್ ಜೇಬಿಗಿಟ್ಟುಕೊಂಡು ಹೇಳಿದ: “ಅಣ್ಣ, ಮೊದಲು ನೀವಿಬ್ಬರೂ ಕೂತು ಒಂದು ತೀರ್ಮಾನಕ್ಕೆ ಬನ್ನಿ. ಆಮೇಲೆ ನಾವು ಬರ್ತೀವಿ.”

ಮೈಕಣ್ಣ ಆಟೋ ಹತ್ತಿ ಕೂತ. ಮತ್ತೆ ಮೈಕ್ ಹಿಡಿಯಲು ಭಯ. ಕೂಗಿದಷ್ಟೂ ಆ ದನಿ ಕಳ್ಳರಿಗೆ ಸಾಮಾನು ಒದಗಿಸಿದಂತೆ. ಇದ್ದ ಬುದ್ಧಿಯೇ ಕೈಕೊಟ್ಟಿರುವಾಗ ಕೃತಕ ಬುದ್ಧಿಯ ಜತೆ ಜಗಳವಾಡುವುದು ಹೇಗೆ? ಚೀಟಿಯನ್ನು ತಂತಿಗೆ ಚುಚ್ಚಲು ಹೋದವನ ಕೈ ಅಲ್ಲೇ ನಿಂತಿತು. ಚೀಟಿಗೆ ದನಿ ಇರಲಿಲ್ಲ. ಯಾರು ಓದಿದರೂ ಅದು ಅದನ್ನೇ ಹೇಳುತ್ತಿತ್ತು.

ಇಳಿದು ಹೋಗಿ ಅದನ್ನು ಇಸ್ತ್ರಿಯವನ ಮುಂದೆ ಇಟ್ಟ. “ಮೊಹರು ನೋಡು. ಕೆಳಗಿರೋ ನಂಬರಿಗೆ ಫೋನ್ ಮಾಡಿ ಕೇಳು. ಸರಿ ಅನ್ನಿಸಿದ್ರೆ ಮೈಕಲ್ಲಿ ನೀನೇ ಓದು. ಇಲ್ಲಾಂದ್ರೆ ವಾಪಸ್ ಕೊಡು.”

ಇಸ್ತ್ರಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟ, ಫೋನ್ ಮಾಡಿದ, ತಲೆಯಾಡಿಸಿದ. ಒಂದೂ ಸುಕ್ಕಿಲ್ಲದೆ ಓದಿದ. ಆಚೆ ಸಾಲಿನ ಮನೆಗಳ ಮುಂದೆ ರಿಟೈರಾದ ಲೆಕ್ಕದ ಮೇಡಂ, ಚೀಟಿಯ ಎರಡು ಕಾಗುಣಿತದ ತಪ್ಪು ತಿದ್ದಿ, ಆಮೇಲೆ ಓದಿದರು. ಅಕ್ಕ ಆಫೀಸಿಗೆ ಮೂರು ಸಲ ಫೋನ್ ಮಾಡಿದಳು. “ತಮ್ಮ ಅಂತ ಸುಮ್ಮನೆ ನಂಬೋಕಾಗುತ್ತಾ?” ಎಂದು, ಕತ್ತರಿ ಕೈಯಲ್ಲೇ ಹಿಡಿದು ಓದಿದಳು. ಓಣಿಯ ಕೊನೆ ಸಾಲಿನ ಮನೆಗಳಲ್ಲಿ ಮಾತ್ರ ಯಾರೂ ಒಪ್ಪಲಿಲ್ಲ. “ನನಗ್ಯಾಕಪ್ಪ ಊರ ಉಸಾಬರಿ” ಎಂದು ಅಲ್ಲಿಯ ಅಜ್ಜ ಬಾಗಿಲು ಹಾಕಿಕೊಂಡರು.

ಸೋಮವಾರ ಮೈಕಣ್ಣ ತನ್ನ ವೋಟು ಹಾಕಿ ಶಾಲೆಯ ಎದುರಿನ ಟೀ ಅಂಗಡಿಯಲ್ಲಿ ಕೂತ. ಒಂಬತ್ತಕ್ಕೆ ನಾಲ್ಕನೇ ಕೋಣೆಯ ಮುಂದೆ ಹನ್ನೊಂದೇ ಜನ. ಇಸ್ತ್ರಿಯವನು ಗೇಟಿನಿಂದಲೇ ಕೈ ಬೀಸಿದ. “ಮೈಕಲ್ಲಿ ಓದಿಬಿಟ್ಟೆನಲ್ಲ ಅಣ್ಣ, ಇನ್ನು ಬರದಿದ್ರೆ ಗಿರಾಕಿಗಳು ಬಿಡ್ತಾರಾ?” ಸ್ವಲ್ಪ ಹೊತ್ತಿಗೆ ಸಾಲು ಬೆಳೆಯಿತು. ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತುಹೋಯಿತು. ಅಕ್ಕ ಬಂದಿರಲಿಲ್ಲ. ಫೋನೂ ಎತ್ತಲಿಲ್ಲ. ಅವನ ಮುಂದಿನ ಮೂರನೇ ಟೀ ಆರಿ ಕೆನೆಗಟ್ಟಿತು.

ಮೂರು ಗಂಟೆಗೆ ಅಕ್ಕ ಬಂದಳು, ಹಿಂದೆ ಐವತ್ತು ಅರವತ್ತು ಜನ.

“ಎಲ್ಲಿ ಹೋಗಿದ್ದೆ ಅಕ್ಕ?”

“ಎಲ್ಲಿಗೆ ಹೋಗ್ಲಿ? ಹೊರಡೋ ಹೊತ್ತಿಗೆ ಫೋನಿಗೆ ಇದು ಬಂತು. ಆಗಿನಿಂದ ಒಬ್ಬೊಬ್ಬರೇ ಬಂದು ಬಾಗಿಲು ಬಡೀತಿದಾರೆ.” ಫೋನ್ ಅವನ ಕಿವಿಗೆ ಹಿಡಿದಳು. ಈ ಸಲ ಅಕ್ಕನ ದನಿ: “ನಿನ್ನೆ ನಾನು ಓದಿದ್ದು ತಪ್ಪಾಯಿತು. ದಯವಿಟ್ಟು ಕ್ಷಮಿಸಿ. ಮತದಾನ ಗುರುವಾರವೇ.”

ಅಕ್ಕನ ದನಿಯನ್ನೂ ಕದ್ದಿದ್ದರು. ಒಂದು ದಿನ, ಒಂದೇ ಚೀಟಿ ಓದಿದ್ದಕ್ಕೆ.

“ದಯವಿಟ್ಟು ಕ್ಷಮಿಸಿ ಅಂತೆ, ನನ್ನ ಬಾಯಲ್ಲಿ” ಎಂದಳು ಅಕ್ಕ. “ನಿನಗಾದ್ರೂ ಯಾವತ್ತಾದ್ರೂ ಹೇಳಿದೀನಾ?”

“ಜನ ನಂಬಿದ್ರಾ?”

“ನಂಬಿದೋರು ಬಂದಿಲ್ಲ. ಅನುಮಾನ ಬಂದೋರು ಮನೆಗೇ ಬಂದು ಕೇಳಿದ್ರು. ಹೇಳಿ ಹೇಳಿ ಸಾಕಾಗಿ ಎಲ್ಲರನ್ನೂ ಕರ್ಕೊಂಡೇ ಬಂದೆ.” ಹೋಗಿ ಸಾಲಿನಲ್ಲಿ ನಿಂತಳು.

ಆರಕ್ಕೆ ಗೇಟು ಮುಚ್ಚಿತು. ನಾಲ್ಕನೇ ಕೋಣೆಯಲ್ಲಿ ಇನ್ನೂರ ಎಂಬತ್ತು ಚಿಲ್ಲರೆ ಆಯಿತೆಂದು ಕಾವಲಿನ ಪೊಲೀಸ್ ಹೇಳಿದ. ಆಯಿತು ಅಂದುಕೊಳ್ಳಬೇಕೋ, ಆಗಲಿಲ್ಲ ಅಂದುಕೊಳ್ಳಬೇಕೋ ತಿಳಿಯದೆ ಮೈಕಣ್ಣ ಆಟೋ ಹತ್ತಿದ.

ಎದುರಿಗೆ, ನಿನ್ನೆ ಬಾಗಿಲು ಹಾಕಿಕೊಂಡಿದ್ದ ಕೊನೆ ಸಾಲಿನ ಅಜ್ಜ ಬರುತ್ತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿಟ್ಟ ವೋಟರ್ ಕಾರ್ಡು.

“ನೀನೇ ಸಿಕ್ಕಿದೆಯಲ್ಲ, ಒಳ್ಳೇದಾಯ್ತು. ಗುರುವಾರ ಎಷ್ಟು ಗಂಟೆಗೆ ಬರಬೇಕಪ್ಪ? ನೀನು ಟೈಮ್ ಹೇಳೋದು ಮರೆತಿದ್ದೆ.”

ಮೈಕಣ್ಣ ಆಟೋ ನಿಲ್ಲಿಸಿದ. ತಂತಿಯಿಂದ ಚೀಟಿ ಕಿತ್ತು ಅವರ ಕೈಗಿಟ್ಟ. ಅಜ್ಜ ಕನ್ನಡಕ ಏರಿಸಿ ಓದಿದರು. ಮುಚ್ಚಿದ ಗೇಟು ನೋಡಿದರು. ಮತ್ತೊಮ್ಮೆ ಓದಿದರು.

“ಇದನ್ನ ನಿನ್ನೆ ನನಗ್ಯಾಕೆ ತೋರಿಸಲಿಲ್ಲ?”

“ತೋರಿಸೋಕೇ ಬಂದಿದ್ದೆ ಅಜ್ಜ.”