ಸಾಕುವುದಕ್ಕೆ ಕೊಟ್ಟ ಹೋತ

ಹಾಲಿಗಾಗಿ ಆಡು ಸಾಕುವವರ ಮನೆಯಲ್ಲಿ ಗಂಡುಮರಿ ಹುಟ್ಟಿದರೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಹೆಣ್ಣಾದರೆ ಫೋನು ಮಾಡಿ ನೆಂಟರಿಗೆ ಹೇಳುತ್ತೇವೆ. ಗಂಡಾದರೆ ಹೊಕ್ಕುಳಿಗೆ ಔಷಧಿ ಹಚ್ಚಿ ಸುಮ್ಮನಾಗುತ್ತೇವೆ. ಅದು ಹಾಲು ಕೊಡುವುದಿಲ್ಲ, ಹಾಲು ಕುಡಿಯುತ್ತದೆ. ಕೆಲವು ತಿಂಗಳು ಬೆಳೆಸಿ ಕೊಟ್ಟುಬಿಡಬೇಕು. ಯಾರಿಗೆ, ಯಾತಕ್ಕೆ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ಮನೆಯಲ್ಲಿ ಮಾತ್ರ ಒಬ್ಬರಿಗೆ ಗೊತ್ತಿಲ್ಲ.

ಆ ಒಬ್ಬರು ನನ್ನ ಅತ್ತೆ. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಪೂಜೆ ಮುಗಿಯದೆ ಬಾಯಿಗೆ ನೀರು ಹಾಕದವರು. ನನ್ನ ಗಂಡ ಸವಳಂಗ ರಸ್ತೆಯ ಜೆರಾಕ್ಸ್ ಅಂಗಡಿ ಮುಚ್ಚಿ, ಮಲವಗೊಪ್ಪದ ಆಚೆಗಿನ ನಮ್ಮ ತುಂಡು ಜಮೀನಿನಲ್ಲಿ ಆಡು, ಕೋಳಿ ಸಾಕುತ್ತೇನೆ ಎಂದಾಗ ಅವರು ಹೇಳಿದ್ದು ಇಷ್ಟೇ: "ಸಾಕಪ್ಪಾ, ಬೇಡ ಅನ್ನಲ್ಲ. ಆದ್ರೆ ನಮ್ಮನೇಲಿ ಹುಟ್ಟಿದ ಜೀವ ಕತ್ತಿಗೆ ಹೋಗ್ಬಾರ್ದು. ಹೋಯ್ತು ಅಂತ ಗೊತ್ತಾದ ದಿನದಿಂದ ನಾನು ಈ ಮನೇಲಿ ನೀರು ಮುಟ್ಟಲ್ಲ." ಬೆದರಿಸುವುದಕ್ಕೆ ಮಾತಾಡುವ ಹೆಂಗಸಲ್ಲ ಅವರು. ಮಾವ ತೀರಿಕೊಂಡ ದಿನ ಬಿಟ್ಟ ಕಾಫಿಯನ್ನು ಇವತ್ತಿಗೂ ಮುಟ್ಟಿಲ್ಲ. ಇವರು "ಆಗ್ಲಿ ಅವ್ವ" ಎಂದರು. ನಾನೂ ಪಕ್ಕದಲ್ಲಿ ನಿಂತು ತಲೆ ಆಡಿಸಿದೆ. ಗಂಡುಮರಿಗಳನ್ನು ಏನು ಮಾಡಬೇಕಾಗುತ್ತದೆ ಎಂದು ಆಡು ಸಾಕಣೆ ತರಬೇತಿಗೆ ಹೋಗಿ ಬಂದಿದ್ದ ನನಗೆ ಚೆನ್ನಾಗಿ ಗೊತ್ತಿತ್ತು. ತಿಳಿಯದೆ ಕೊಟ್ಟ ಮಾತು ಅಂತ ಹೇಳಿಕೊಳ್ಳುವ ಹಾಗೂ ಇಲ್ಲ.

ಕೋಳಿಯ ವಿಷಯದಲ್ಲಿ ಅವರು ರಾಜಿಯಾದದ್ದೇ ಒಂದು ತಮಾಷೆ. ಹುಂಜ ಇಲ್ಲದೆ ಇಟ್ಟ ಮೊಟ್ಟೆಯಲ್ಲಿ ಜೀವ ಇರುವುದಿಲ್ಲ ಎಂದು ಇವರು ತಿಳಿಸಿ ಹೇಳಿದ ಮೇಲೆ, "ಹಂಗಾದ್ರೆ ಹುಂಜ ಈ ಬೇಲಿ ಒಳಗೆ ಕಾಲಿಡ್ಬಾರ್ದು" ಎಂದು ಕಾನೂನು ಮಾಡಿದರು. ಕಾನೂನು ಮಾಡಿ ಕೂರಲೂ ಇಲ್ಲ. ಪಕ್ಕದವರ ಹುಂಜ ಬೇಲಿ ಹತ್ತಿ ಕೂಗಿದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಲು ಹಿಡಿದು ಓಡುತ್ತಿದ್ದರು. "ಏ ಮಾರಾಯಾ, ನಿಂಗೆ ಬೇರೆ ಊರಿಲ್ವಾ?" ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮೊಟ್ಟೆ ನಿಲ್ಲಿಸಿದ ಕೋಳಿಗಳು ಬೇರೆ ಫಾರಂಗೆ ಹೋದವು ಎಂದರೆ ನಂಬುತ್ತಿದ್ದರು. ನಂಬಿದರಲ್ಲ ಎಂದು ನಮಗೆ ಸಮಾಧಾನ.

ಗಂಡುಮರಿಗಳನ್ನು ನಾವು ಅವರು ಮನೆಯಲ್ಲಿ ಇಲ್ಲದಾಗ ಕೊಡುತ್ತಿದ್ದೆವು. ಆಲ್ಕೊಳದಲ್ಲಿರುವ ಮಗಳ ಮನೆಗೆ ಅವರು ಹೋದ ದಿನ ಭದ್ರಾವತಿಯ ವ್ಯಾಪಾರಿಗೆ ಫೋನು ಹೋಗುತ್ತಿತ್ತು. ಆತ ಸಾಬರವನು, ನನಗಿಂತ ಒಂದೆರಡು ವರ್ಷ ಚಿಕ್ಕವನಿರಬೇಕು. ತೂಕದಲ್ಲಿ ಮೋಸ ಇಲ್ಲ, ಮಾತೂ ಕಡಿಮೆ. ಬಂದು, ಮರಿಗಳನ್ನು ಗಾಡಿಗೆ ಹತ್ತಿಸಿಕೊಂಡು, ಅತ್ತೆ ಬರುವುದರೊಳಗೆ ಹೋಗಿರುತ್ತಿದ್ದ. ವಾಪಸು ಬಂದ ಅತ್ತೆ ಕೊಟ್ಟಿಗೆಯಲ್ಲಿ ಕಣ್ಣಾಡಿಸಿ "ಎಲ್ಲೇ ಅವು?" ಎಂದರೆ "ಸಾಕೋಕೆ ಕೊಟ್ವಿ ಅತ್ತೆ" ಎನ್ನುತ್ತಿದ್ದೆ. ಮೊದಮೊದಲು ಆ ಮಾತನ್ನು ಮುಖ ತಿರುಗಿಸಿಕೊಂಡು ಹೇಳುತ್ತಿದ್ದೆ. ಆಮೇಲೆ ಹಿಂಡಿ ನೆನೆಹಾಕಿದೆ, ಕಸ ಗುಡಿಸಿದೆ ಎಂದಷ್ಟೇ ಸಲೀಸಾಗಿ ಬರತೊಡಗಿತು. ಅವರೋ, ಆ ರಾತ್ರಿ ಎರಡು ತುತ್ತು ಕಡಿಮೆ ಉಣ್ಣುತ್ತಿದ್ದರು. ಮರಿ ದೂರ ಹೋಯಿತಲ್ಲ ಎಂಬ ಬೇಸರಕ್ಕೆ ಮಾತ್ರ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ನಮ್ಮ ದೊಡ್ಡ ಆಡೊಂದು ಮೂರು ಮರಿ ಹಾಕಿತು. ಆಡಿಗೆ ಮೊಲೆ ಎರಡೇ. ಮೂರನೆಯದು ಗಂಡು, ಇಲಿಯಷ್ಟು ದೇಹ, ತಾಯಿಯೂ ಅದನ್ನು ಒದ್ದು ಓಡಿಸುತ್ತಿತ್ತು. ಅದು ಉಳಿಯುವುದಿಲ್ಲ ಎಂದು ನಾನು ಕೈಬಿಟ್ಟೆ. ಅತ್ತೆ ಬಿಡಲಿಲ್ಲ. ಬುಟ್ಟಿಯಲ್ಲಿ ಹಳೆ ಸೀರೆ ಹಾಸಿ ತಮ್ಮ ಕೋಣೆಯಲ್ಲೇ ಇಟ್ಟುಕೊಂಡು ಬಾಟ್ಲಿಯಲ್ಲಿ ಹಾಲು ಕುಡಿಸಿ ಬದುಕಿಸಿದರು. ಕಪ್ಪು ಮೈ, ಎಡಗಿವಿ ಮಾತ್ರ ಬಿಳಿ. ಅವರು ಎಲ್ಲಿಗೆ ಹೋದರೂ ಹಿಂದೆ ಟಕಟಕ ಸದ್ದು. ಒಂದು ದಿನ ಪೂಜೆಗೆ ಕುಳಿತಾಗ ತಟ್ಟೆಯಲ್ಲಿದ್ದ ಬಿಲ್ವಪತ್ರೆಯನ್ನೆಲ್ಲ ಮೇದುಬಿಟ್ಟಿತು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುವುದು ನಿಜವೇ ಇರಬಹುದು, ಆದರೂ ನಾನು ಬೈಗುಳಕ್ಕೆ ಕಾದು ನಿಂತೆ. ಅವರು ನಕ್ಕು, "ಇರ್ಲಿ ಬಿಡೇ, ಶಿವ ಇವತ್ತು ನಾಲ್ಕು ಕಾಲಲ್ಲಿ ಬಂದು ತಿಂದ" ಎಂದರು. ಅದನ್ನು ಅವರು ಕರೆಯುತ್ತಿದ್ದದ್ದು "ಮಗಾ" ಎಂದೇ.

ಮಗ ಬೆಳೆದ. ವರ್ಷ ತುಂಬುವಷ್ಟರಲ್ಲಿ ಹೋತದ ನಾತ ಶುರುವಾಯಿತು. ಹೋತ ಹತ್ತಿರ ಇದ್ದರೆ ಆ ವಾಸನೆ ಹಾಲಿಗೂ ಹಿಡಿಯುತ್ತದೆ. ನಾವು ಹಾಲು ಹಾಕುವ ಸವಳಂಗ ರಸ್ತೆಯ ಮನೆಗಳಲ್ಲಿ ಒಬ್ಬೊಬ್ಬರೇ ಮೂಗು ಮುರಿಯತೊಡಗಿದರು. ಬೀಜ ಒಡೆಸೋಣ, ವಾಸನೆ ಹೋಗುತ್ತದೆ, ಇಲ್ಲೇ ಇರುತ್ತದೆ ಎಂದು ಇವರು ಹೇಳಿದರೆ ಅತ್ತೆ, "ಅಯ್ಯೋ, ಅದೂ ಹಿಂಸೆನೇ ಅಲ್ವೇನೋ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವತ್ತು ಅವರ ಮಾತು ಮೀರಿ ಡಾಕ್ಟರನ್ನು ಕರೆಸಿದ್ದರೆ ಅದು ಬದುಕಿರುತ್ತಿತ್ತು. ಅವರ ಮಾತು ಮೀರುವುದು ಬೇಡ ಎಂದು ನಾನೇ ತಡೆದೆ. ಎಂಥ ವಿಧೇಯ ಸೊಸೆ ನೋಡಿ! ಎದುರಿಗೆ ಮೀರುವುದಿಲ್ಲ.

ಕೊನೆಗೆ ಇವರು, "ಭದ್ರಾವತಿಲಿ ಒಬ್ರು ತಳಿಗೆ ಅಂತ ಹೋತ ಸಾಕ್ತಾರೆ ಅವ್ವ, ಅಲ್ಲಿ ರಾಜನ ಥರ ಇರುತ್ತೆ" ಎಂದರು. ಅತ್ತೆ ಎರಡು ದಿನ ಯೋಚಿಸಿ ಒಪ್ಪಿದರು. ವ್ಯಾಪಾರಿ ಬಂದಾಗ ತಾವೇ ಗೇಟಿನವರೆಗೆ ಹೋಗಿ, "ಚೆನ್ನಾಗಿ ನೋಡ್ಕೋ ತಮ್ಮಾ" ಎಂದರು. ಆತ ನನ್ನ ಕಡೆ ನೋಡಿದ. ನಾನು ಕೋಳಿಗೆ ನೀರು ಹಾಕುವ ನೆಪ ಮಾಡಿದೆ.

ಒಂದು ತಿಂಗಳಾಗಿರಬಹುದು, ಭದ್ರಾವತಿಯಲ್ಲಿ ನೆಂಟರ ಮದುವೆ ಬಂತು. ಹಿಂದಿನ ದಿನ ಸೀರೆ ಆರಿಸುತ್ತಾ ಅತ್ತೆ, "ಹೆಂಗೂ ಆ ಕಡೆ ಹೋಗ್ತೀವಲ್ಲ, ಮಗನ್ನ ಒಂದ್ಸಲ ನೋಡ್ಕೊಂಡು ಬರೋಣ" ಎಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆ ಸೀರೆಯ ಮೇಲೇ ನಿಂತುಬಿಟ್ಟಿತು. ಹಿತ್ತಲಿಗೆ ಹೋಗಿ ಫೋನು ಮಾಡಿದೆ.

"ಅಕ್ಕಾ, ಅದು ಆ ವಾರಾನೇ ಕತ್ತಿಗೆ ಹೋಯ್ತಲ್ಲ" ಎಂದ ವ್ಯಾಪಾರಿ.

"ಅದೇ ಥರದ್ದು ಕರೀದು ಯಾವ್ದಾದ್ರೂ ಇದ್ಯಾ?"

"ಒಂದೈತೆ. ಹಬ್ಬಕ್ಕೆ ಅಂತ ಮನೇಲಿ ಸಾಕ್ತಿರೋದು. ಆದ್ರೆ ಅಕ್ಕಾ, ವಯಸ್ಸಾದೋರ್ಗೆ ಹಿಂಗೆಲ್ಲ…"

"ಆದ್ರೆ ಗೀದ್ರೆ ಬೇಡ. ನಾಳೆ ಮಧ್ಯಾಹ್ನ ಬರ್ತೀವಿ" ಎಂದು ಇಟ್ಟೆ. ಇದನ್ನು ಇವರು ಮಾಡಿಸಿದ್ದಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನೇ ಹೂಡಿದ ಉಪಾಯ.

ಮದುವೆಯ ಊಟ ಮುಗಿಸಿ ಹೋದೆವು. ಹಳೆಯ ಹೆಂಚಿನ ಮನೆ, ಹಿಂದೆ ತಗಡಿನ ಶೆಡ್ಡು. ಶೆಡ್ಡಿನ ಮುಂದೆ ಕರಿ ಹೋತವನ್ನು ತೊಳೆದು ಕಟ್ಟಿದ್ದರು. ಅತ್ತೆ ಬ್ಯಾಗಿನಿಂದ ಹಲಸಿನ ಸೊಪ್ಪು ತೆಗೆದರು. ಮದುವೆಮನೆಗೆ ಉಡುಗೊರೆಯ ಬೆಳ್ಳಿ ಕುಂಕುಮದ ಬಟ್ಟಲಿನ ಜೊತೆ ಅದನ್ನೂ ತುಂಬಿಕೊಂಡು ಬಂದಿದ್ದರು! "ಮಗಾ" ಎಂದು ಕರೆದರು. ಸೊಪ್ಪು ಹಿಡಿದು ಯಾರು ಕರೆದರೂ ಆಡು ಬರುತ್ತದೆ. ಬಂತು.

"ನೋಡಿದ್ಯೇನೇ, ಗುರ್ತು ಹಿಡೀತು!" ಎಂದು ನನ್ನ ಕಡೆ ತಿರುಗಿದರು. ಆ ಮುಖದ ಸಂತೋಷವನ್ನು ನಾನು ಯಾವ ಹಬ್ಬದಲ್ಲೂ ಕಂಡಿರಲಿಲ್ಲ. ಆಮೇಲೆ ಅದರ ಎಡಗಿವಿಯನ್ನು ಹಿಡಿದು, ಕಣ್ಣಿನ ಹತ್ತಿರ ತಂದು ನೋಡಿದರು. "ಬಿಳಿ ಇತ್ತಲ್ಲ?"

ವ್ಯಾಪಾರಿ ನೆಲ ನೋಡಿದ. ಇವರು ಗಾಡಿಯ ಹತ್ತಿರವೇ ಉಳಿದಿದ್ದರು. ನಾನು ಹೇಳಿದೆ: "ಬೆಳೀತಾ ಬೆಳೀತಾ ಬಣ್ಣ ತಿರುಗುತ್ತೆ ಅತ್ತೆ. ಈ ತಳಿ ಹಂಗೇ."

"ಹೌದೇನೇ? ನಿಂಗೆ ಗೊತ್ತಿರುತ್ತೆ ಬಿಡು, ನೀನು ಕಲ್ತಿದೀಯಲ್ಲ" ಎಂದರು. ಅಷ್ಟೇ. ಅನುಮಾನ ಮುಗಿಯಿತು.

ವ್ಯಾಪಾರಿಯ ಹೆಂಡತಿ ಬಾಗಿಲಲ್ಲಿ ಅಳುಕುತ್ತಾ, "ದೊಡ್ಡಮ್ಮ, ನೀವು ಇಲ್ಲಿ ಏನೂ ತಗೊಳಲ್ವೇನೋ" ಎಂದಳು. ನಮ್ಮ ಬಳಗದಲ್ಲೇ ಕೆಲವರ ಮನೆಯಲ್ಲಿ ನೀರೂ ಮುಟ್ಟದ ಹೆಂಗಸು ನನ್ನ ಅತ್ತೆ. "ಯಾಕೆ ತಗೊಳಲ್ಲ? ನನ್ ಮಗನ್ನ ಸಾಕ್ತಿರೋ ಮನೆ ಇದು. ಒಂದು ಲೋಟ ಹಾಲು ಕೊಡು ತಾಯಿ" ಎಂದು ಕಲ್ಲಿನ ಕಟ್ಟೆಯ ಮೇಲೆ ಕುಳಿತರು. ಕುಡಿದರು. ಹೊರಡುವಾಗ ಸೊಂಟದ ಚೀಲದಿಂದ ವಿಭೂತಿ ತೆಗೆದು ಹೋತದ ಹಣೆಗೆ ಹಚ್ಚಿ, ವ್ಯಾಪಾರಿಯ ತಲೆಯ ಮೇಲೆ ಕೈಯಿಟ್ಟು, "ನಿನ್ ಮಕ್ಳು ತಣ್ಣಗಿರ್ಲಿ" ಎಂದರು. ಜೀವಮಾನ ಪೂರ್ತಿ ಕಾಪಾಡಿಕೊಂಡು ಬಂದ ನೇಮವನ್ನು ಅವರು ನನ್ನ ಸುಳ್ಳಿಗಾಗಿ ಮುರಿದಿದ್ದರು. ಆ ಮನೆಯಲ್ಲಿ ಹಾಲು ಕುಡಿದದ್ದು ತಪ್ಪೆಂದು ನನಗೆ ಅನ್ನಿಸಲಿಲ್ಲ, ಇವತ್ತಿಗೂ ಅನ್ನಿಸುವುದಿಲ್ಲ. ಮೋಸದಿಂದ ಕುಡಿಸಿದೆನಲ್ಲ, ಅದು ಕುಟುಕುತ್ತದೆ.

ಮಾರನೇ ದಿನ ವ್ಯಾಪಾರಿ ಬಂದ. ಗೇಟಿನ ಹೊರಗೇ ನಿಂತು ನನ್ನನ್ನು ಕರೆದ.

"ಇನ್ಮೇಲೆ ನಿಮ್ಮನೆ ಮರಿ ನಂಗೆ ಬೇಡ ಅಕ್ಕಾ. ವ್ಯಾಪಾರದಲ್ಲಿ ಒಂದೆರಡು ಸುಳ್ಳು ನಾನೂ ಹೇಳಿದೀನಿ. ಆದ್ರೆ ಆ ದೊಡ್ಡಮ್ಮ ನನ್ ತಲೆ ಮೇಲೆ ಕೈ ಇಟ್ರು. ರಾತ್ರಿ ನನ್ ಹೆಂಡ್ತಿ ಉಂಡಿಲ್ಲ." ಹೊರಟವನು ತಿರುಗಿ ಹೇಳಿದ: "ಆ ಹೋತಾನೂ ಹಬ್ಬಕ್ಕೆ ಆಗಲ್ಲ ಅಂತಾಳೆ. ಅದನ್ನ ಏನ್ ಮಾಡ್ಲಿ ಈಗ?"

"ಸಾಕು" ಎಂದೆ. ಅವನು ಸಿಟ್ಟಿನಲ್ಲೇ ಹೋದ. ಅವನ ಸಿಟ್ಟಿನಲ್ಲಿ ತಪ್ಪೇನಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಒಂದು ಆಡಾದರೂ ನನ್ನ ಸುಳ್ಳಿನಿಂದ ಉಳಿಯಿತು ಎಂದು ಹೇಳಿಕೊಳ್ಳಬಹುದಿತ್ತು. ನಿಲ್ಲಲಿಲ್ಲ. ಮುಂದಿನ ಸೂಲಿನ ಗಂಡುಮರಿಗಳು ಬೆಳೆದು ತಾಯಿಯ ಹಾಲನ್ನೆಲ್ಲ ಹೀರತೊಡಗಿದವು. ಶಿವಮೊಗ್ಗದಿಂದ ಬೇರೊಬ್ಬ ವ್ಯಾಪಾರಿಯನ್ನು ಕರೆಸಿದರೆ, ಮರಿಗಳನ್ನು ತಾವೇ ಕಳಿಸಿಕೊಡಬೇಕೆಂದು ಆಲ್ಕೊಳಕ್ಕೆ ಹೋಗುವುದನ್ನೇ ಬಿಟ್ಟಿದ್ದ ಅತ್ತೆ ಅವನನ್ನು ಗೇಟಿನಿಂದಲೇ ಓಡಿಸಿದರು. "ಯಾವನೋ ಎತ್ತಲಿನೋನು! ನಮ್ಮನೆ ಮರಿ ಭದ್ರಾವತಿಗೇ ಹೋಗೋದು. ಆ ತಮ್ಮಂಗೆ ಫೋನ್ ಮಾಡು, ಬರ್ತಾನೆ." ಬರುವುದಿಲ್ಲ ಅನ್ನುವಂತೆಯೂ ಇಲ್ಲ, ಯಾಕೆ ಎಂದು ಹೇಳುವಂತೆಯೂ ಇಲ್ಲ. ಅತ್ತೆಗೆ ಎಲ್ಲ ಗೊತ್ತಿರಬಹುದು, ಹಿರಿಯರು ಗೊತ್ತಿದ್ದೂ ಸುಮ್ಮನಿರುತ್ತಾರೆ ಎಂದು ಒಮ್ಮೊಮ್ಮೆ ಆಸೆಪಟ್ಟಿದ್ದೇನೆ. ಹಾಗಿದ್ದಿದ್ದರೆ ನನ್ನ ಭಾರ ಅರ್ಧ ಇಳಿಯುತ್ತಿತ್ತು. ಆದರೆ ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೆ ನೀರು ಬಿಡುತ್ತಿದ್ದರು.

ನಾನು ವ್ಯಾಪಾರಿಗೆ ಮತ್ತೆ ಮತ್ತೆ ಫೋನು ಮಾಡಿದೆ. ಅಂಗಲಾಚಿದೆ ಅಂದರೂ ಸರಿ. ಕೊನೆಗೆ, "ನೀನು ಬರದಿದ್ರೆ ಅವರಿಗೆ ಅನುಮಾನ ಬರುತ್ತಪ್ಪಾ. ಅನುಮಾನ ಬಂದ್ರೆ ಅವರು ಉಪವಾಸ ಬಿದ್ದು ಸಾಯ್ತಾರೆ" ಎಂದೆ. ಅದು ನಿಜವೂ ಹೌದು, ನನ್ನ ಅನುಕೂಲವೂ ಹೌದು. ಅವನು ಒಪ್ಪಿದ.

ಹೋದ ವಾರ ಬಂದಿದ್ದ. ಗಾಡಿಯಿಂದ ಇಳಿಯಲಿಲ್ಲ. ಮೊದಲೆಲ್ಲ ಮರಿ ಹೋದರೆ ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದ ಅತ್ತೆ, ಬೆಳಿಗ್ಗೆಯೇ ಮರಿಗಳ ಮೈ ಒರೆಸಿ ಸಡಗರದಲ್ಲಿದ್ದರು. ಒಂದೊಂದರ ಹಣೆಗೂ ವಿಭೂತಿ ಹಚ್ಚಿ, ತಾವೇ ಎತ್ತಿಕೊಂಡು ಹೋಗಿ, "ಅಲ್ಲಿರೋ ನಿಮ್ ಅಣ್ಣನ ಜೊತೆ ಜಗಳ ಆಡ್ಬೇಡ್ರೋ" ಎಂದು ಹೇಳಿ ಗಾಡಿಗೆ ಹತ್ತಿಸಿದರು. ಒಳಗೆ ತಾಯಿ ಆಡು ಒಂದೇ ಸಮ ಕೂಗುತ್ತಿತ್ತು. ಅತ್ತೆ ಕೊಟ್ಟಿಗೆಗೆ ಹೋಗಿ ಅದರ ಕುತ್ತಿಗೆ ತಬ್ಬಿಕೊಂಡರು.

"ಅಳ್ಬೇಡ್ವೇ ಮಾರಾಯ್ತಿ. ಆ ಮನೇನ ನಾನೇ ಕಣ್ಣಾರೆ ನೋಡ್ಕೊಂಡ್ ಬಂದಿದೀನಿ."

ವ್ಯಾಪಾರಿ ಗಾಡಿ ಸ್ಟಾರ್ಟ್ ಮಾಡದೆ ನನ್ನ ಮುಖವನ್ನೇ ನೋಡುತ್ತಿದ್ದ. ಹೋಗು ಎಂದು ನಾನು ಕೈಸನ್ನೆ ಮಾಡಿದೆ.